ನಾಲ್ವರ ಕೈಯಲ್ಲೂ 52 ಎಲೆ!

ಹಾಸನದ ನಮ್ಮ ರೂಮಿನಲ್ಲಿ ಮಳೆ ಹಿಡಿದರೆ ಇಸ್ಪೀಟಿನ ಕತ್ತೆ ಆಟ, ಅದನ್ನೇ ಕಂಪ್ಯೂಟರ್ ಪ್ರೋಗ್ರಾಂ ಆಗಿ ಪೈಥಾನ್‌ನಲ್ಲಿ ಬರೆಯುತ್ತಿದ್ದೆ. ಎಲೆ, ಕಟ್ಟು, ಆಟಗಾರ ಅಂತ ಮೂರು ಕ್ಲಾಸ್ (ಒಂದೊಂದು ಬಗೆಯ ವಸ್ತುವಿಗೆ ಒಂದೊಂದು ಅಚ್ಚು). ನಾಲ್ವರಿಗೆ ತಲಾ 13 ಎಲೆ ಹಂಚಿದರೆ ಎಲ್ಲರ ಕೈಯಲ್ಲೂ 52! ಕಲೆಸುವುದು ಸರಿಯಿತ್ತು, ಹಂಚುವ ಲೂಪ್ ಕೂಡ. ಸುಮ್ನೆ ಇಬ್ಬರ ಕೈಯ ಎಲೆಗಳ ಲಿಸ್ಟಿನ ಐಡಿ (ಪೈಥಾನ್ ಕೊಡುವ ಗುರುತಿನ ನಂಬರ್) ಪ್ರಿಂಟ್ ಮಾಡಿದೆ, ಎರಡೂ ಒಂದೇ ನಂಬರ್. ಅಲ್ಲಿಗೆ ಕಳ್ಳ ಸಿಕ್ಕ. ಹೊಸ ಆಟಗಾರ ಹುಟ್ಟುವಾಗ ಓಡುವ ಫಂಕ್ಷನ್ ಆದ ಇನಿಟ್‌ನಲ್ಲಿ ಡಿಫಾಲ್ಟ್ ಆಗಿ (ಬೇರೇನೂ ಕೊಡದಿದ್ದಾಗ ಬಳಸಲು) ಖಾಲಿ ಲಿಸ್ಟ್ ಇಟ್ಟರೆ ಪೈಥಾನ್ ಅದನ್ನು ಫಂಕ್ಷನ್ ಡಿಫೈನ್ ಆಗುವಾಗ ಒಂದೇ ಸಲ ಮಾಡಿಟ್ಟುಕೊಳ್ಳುತ್ತದೆ, ಆಮೇಲೆ ಹುಟ್ಟುವ ಆಟಗಾರರಿಗೆಲ್ಲ ಅದೇ ಲಿಸ್ಟ್. ವಿಚಿತ್ರ ಅಲ್ವಾ? ಡಿಫಾಲ್ಟ್ ಜಾಗದಲ್ಲಿ ‘None’ (ಏನೂ ಇಲ್ಲ ಅಂತ) ಹಾಕಿ, ಇನಿಟ್ ಒಳಗೆ ಪ್ರತಿಯೊಬ್ಬರಿಗೂ ಹೊಸ ಲಿಸ್ಟ್ ಕೊಟ್ಟೆ. ಈಗ ತಲಾ 13 ಬರುತ್ತಿದೆ. ಯಾರು ಕತ್ತೆ ಅಂತ ಹೇಳುವ ಕೋಡ್ ಇನ್ನೂ ಬಾಕಿ.