ಹಳೆಯ ನಿಜವನ್ನೇ ಹೇಳುವ ಸರ್ವರ್: ಕ್ಲೌಡ್ ಸಂಶೋಧನೆಯಲ್ಲಿ ನನ್ನ ಅನುಭವ

ಬೇರೆಯವರ ಯಂತ್ರದಲ್ಲಿ ಇಟ್ಟ ದತ್ತಾಂಶ ನಾವು ಇಟ್ಟಂತೆಯೇ ಇದೆಯೇ ಎಂಬ ಒಂದೇ ಪ್ರಶ್ನೆಯ ಸುತ್ತ ನಾನು ಹಲವು ವರ್ಷಗಳ ಕಾಲ ಸಂಶೋಧನೆ ನಡೆಸಿದ್ದೇನೆ. ಕ್ಲೌಡ್ ಎಂದು ನಾವು ಕರೆಯುವುದು ಇನ್ನೊಬ್ಬರ ಒಡೆತನದ ಕಂಪ್ಯೂಟರುಗಳನ್ನೇ. ಅಲ್ಲಿನ ಆಪರೇಟಿಂಗ್ ಸಿಸ್ಟಮ್ ಆಗಲಿ, ಒಂದೇ ಯಂತ್ರವನ್ನು ಹಲವು ಬಾಡಿಗೆದಾರರಿಗೆ ಹಂಚುವ ಹೈಪರ್‌ವೈಸರ್ ಆಗಲಿ, ಡಿಸ್ಕುಗಳನ್ನು ನೋಡಿಕೊಳ್ಳುವ ನಿರ್ವಾಹಕರಾಗಲಿ ಬಾಡಿಗೆಗೆ ಪಡೆದವನ ಹಿಡಿತದಲ್ಲಿ ಇರುವುದಿಲ್ಲ. ಆದ್ದರಿಂದ ಸರ್ವರ್ ಸುಳ್ಳು ಹೇಳದಂತೆ ತಡೆಯುವ ಆಸೆಯನ್ನು ಬಿಟ್ಟು, ಅದು ಸುಳ್ಳು ಹೇಳಿದ ಕೂಡಲೇ ಬಯಲಾಗುವಂತಹ ಶೇಖರಣಾ ವ್ಯವಸ್ಥೆಯೊಂದನ್ನು ಕಟ್ಟುವುದನ್ನೇ ಗುರಿಯಾಗಿ ಇಟ್ಟುಕೊಂಡೆ.

ಮೊದಲ ಮಾದರಿಯನ್ನು ಕಟ್ಟುವುದು ಕಷ್ಟವಾಗಲಿಲ್ಲ. ರಾಲ್ಫ್ ಮರ್ಕಲ್ 1979ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದ ಹ್ಯಾಶ್ ಮರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. 4 ಗಿಗಾಬೈಟ್ ದತ್ತಾಂಶವನ್ನು 4 ಕಿಲೋಬೈಟಿನ ತುಂಡುಗಳಾಗಿ ಕತ್ತರಿಸಿದರೆ 10,48,576 ತುಂಡುಗಳಾಗುತ್ತವೆ. ಪ್ರತಿ ತುಂಡಿನ ಹ್ಯಾಶ್, ಅಂದರೆ ಅದರ ಬೈಟ್‌ಗಳಿಂದ ಲೆಕ್ಕ ಹಾಕಿದ ಚಿಕ್ಕ ಬೆರಳಚ್ಚು, ಒಂದು ಎಲೆ. ಎರಡೆರಡು ಹ್ಯಾಶ್‌ಗಳನ್ನು ಜೋಡಿಸಿ ಮತ್ತೆ ಹ್ಯಾಶ್ ಮಾಡುತ್ತ ಮೇಲೇರಿದರೆ 20 ಹಂತಗಳ ನಂತರ ಒಂದೇ ಒಂದು ಬೇರು ಉಳಿಯುತ್ತದೆ. (ನಮ್ಮ ಶಾಸ್ತ್ರದ ಮರಗಳಿಗೆ ಬೇರು ಯಾವಾಗಲೂ ತಲೆಯ ಮೇಲೆ.) ದತ್ತಾಂಶದ ಒಡೆಯನ ಕಡೆಯ ಪ್ರೋಗ್ರಾಮಾದ ಕ್ಲೈಂಟ್ ಆ 32 ಬೈಟಿನ ಬೇರನ್ನು ಮಾತ್ರ ತನ್ನ ಬಳಿ ಇಟ್ಟುಕೊಂಡಿರುತ್ತದೆ, ಯಾವುದೇ ತುಂಡನ್ನು ಓದುವಾಗ ಸರ್ವರ್ ಅದರೊಂದಿಗೆ 20 ಹ್ಯಾಶ್‌ಗಳ, ಅಂದರೆ 640 ಬೈಟ್‌ಗಳ ಪುರಾವೆಯನ್ನು ಕಳುಹಿಸುತ್ತದೆ. ಒಂದು ಬಿಟ್ ಬದಲಾದರೂ ಲೆಕ್ಕ ಹಾಕಿ ಬಂದ ಬೇರು ಕ್ಲೈಂಟಿನ ಬಳಿ ಇರುವುದರೊಂದಿಗೆ ಹೊಂದುವುದಿಲ್ಲ.

ಇಷ್ಟು ಸರಳವಾದುದರಲ್ಲಿಯೂ ನಾವು ಎಡವಿದೆವು. ಎಲೆಯ ಹ್ಯಾಶನ್ನೂ ಒಳಗಂಟಿನ, ಅಂದರೆ ಎಲೆಗಳ ಮೇಲೆ ಎರಡು ಹ್ಯಾಶ್‌ಗಳು ಕೂಡುವ ಜಾಗದ, ಹ್ಯಾಶನ್ನೂ ಒಂದೇ ವಿಧದಲ್ಲಿ ಲೆಕ್ಕ ಹಾಕುತ್ತಿದ್ದೆವು, ಪುರಾವೆಯ ಉದ್ದವನ್ನೂ ಪರೀಕ್ಷಿಸುತ್ತಿರಲಿಲ್ಲ. ಹೀಗಾಗಿ ಒಳಗಂಟಿನ ಎರಡು ಮಕ್ಕಳ ಹ್ಯಾಶ್‌ಗಳನ್ನೇ ಒಟ್ಟುಗೂಡಿಸಿ ‘ಇದೇ ನಿಮ್ಮ ತುಂಡು’ ಎಂದು ಸರ್ವರ್ ಕೊಟ್ಟರೂ ಕ್ಲೈಂಟ್ ತಲೆಯಾಡಿಸುತ್ತಿತ್ತು. ಜಾಲತಾಣಗಳ ಪ್ರಮಾಣಪತ್ರಗಳನ್ನು ಎಲ್ಲರೂ ಪರಿಶೀಲಿಸಬಲ್ಲ ಪಟ್ಟಿಯಲ್ಲಿ ಇಡುವ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿಯನ್ನು ವಿವರಿಸುವ 2013ರ ದಾಖಲೆ, ಆರ್‌ಎಫ್‌ಸಿ 6962, ಎಲೆಯ ಮುಂದೆ ಸೊನ್ನೆಯ ಬೈಟನ್ನೂ ಒಳಗಂಟಿನ ಮುಂದೆ ಒಂದರ ಬೈಟನ್ನೂ ಸೇರಿಸಿ ಹ್ಯಾಶ್ ಮಾಡಬೇಕೆಂದು ಏಕೆ ವಿಧಿಸುತ್ತದೆ ಎಂಬುದು ನನಗೆ ಅರ್ಥವಾದದ್ದು ಆಗಲೇ. ಅದನ್ನು ಮೊದಲೇ ಓದಿದ್ದೆ. ಆದರೆ ಓದಿದ್ದು ಕೈಗೆ ಇಳಿದಿರಲಿಲ್ಲ.

ಯಾರೂ ಓದದೆ ಬಿಟ್ಟ ದತ್ತಾಂಶ ಕಳೆದುಹೋದರೂ ತಿಳಿಯದಿರುವ ಸಮಸ್ಯೆಯನ್ನು ಇಲ್ಲಿ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಶೇ. 1ರಷ್ಟು ತುಂಡುಗಳು ನಷ್ಟವಾಗಿದ್ದರೆ, ಮನಸ್ಸಿಗೆ ಬಂದಂತೆ ಆರಿಸಿದ 460 ತುಂಡುಗಳನ್ನು ಕೇಳಿದಾಗ ಆ ನಷ್ಟ ಪತ್ತೆಯಾಗುವ ಸಂಭವ ಸುಮಾರು ಶೇ. 99, ದೊಡ್ಡ ಕಡತಗಳಲ್ಲಿ ಒಟ್ಟು ತುಂಡುಗಳು ಎಷ್ಟಿದ್ದರೂ ಈ ಸಂಖ್ಯೆ ಹೆಚ್ಚುಕಡಿಮೆ ಇಷ್ಟೇ. ಆದರೆ ಒಂದೇ ಒಂದು ತುಂಡು ಕಳೆದುಹೋಗಿದ್ದರೆ ಈ ವಿಧಾನ ಅದನ್ನು ಹಿಡಿಯುವುದು ಅಪರೂಪ. ಅದಕ್ಕಾಗಿ ಕಡತವನ್ನು ಮೊದಲೇ, ಕೆಲವು ತುಂಡುಗಳು ಹೋದರೂ ಉಳಿದವುಗಳಿಂದ ಮರಳಿ ಪಡೆಯಬಹುದಾದ, ದೋಷ ತಿದ್ದುವ ಸಂಕೇತದಲ್ಲಿ ಬರೆದಿಡಬೇಕಾಗುತ್ತದೆ.

ನನ್ನ ಪಾಲಿಗೆ ನಿಜವಾದ ಸಂಶೋಧನೆ ಆರಂಭವಾದದ್ದು, ನಮ್ಮ ವ್ಯವಸ್ಥೆಯ ಮೇಲೆ ನಾವೇ ದಾಳಿ ಮಾಡಲು ದುಷ್ಟ ಸರ್ವರ್ ಒಂದನ್ನು ಬರೆದ ದಿನದಿಂದ. ಅದು ಬೈಟ್‌ಗಳನ್ನು ತಿರುಚುತ್ತಿತ್ತು, ತುಂಡುಗಳನ್ನು ಅದಲುಬದಲು ಮಾಡುತ್ತಿತ್ತು, ಪುರಾವೆಗಳನ್ನು ಮೊಟಕುಗೊಳಿಸುತ್ತಿತ್ತು. ಮೊದಲ ಸುತ್ತಿನಲ್ಲಿ ಎಲ್ಲ ಪರೀಕ್ಷೆಗಳೂ ಗೆದ್ದವು, ಮತ್ತು ಅಷ್ಟು ಸಲೀಸಾಗಿ ಗೆದ್ದದ್ದೇ ನನಗೆ ಅನುಮಾನ ತರಿಸಿತು. ಹುಡುಕಿ ನೋಡಿದಾಗ, ಬಹುಪಾಲು ಓದುಗಳಿಗೆ ಉತ್ತರ, ಹಿಂದೆ ಓದಿದ್ದನ್ನು ಕೂಡಿಡುವ ಕ್ಲೈಂಟಿನದೇ ಕ್ಯಾಶ್‌ನಿಂದ ಬರುತ್ತಿದ್ದುದರಿಂದ ದುಷ್ಟ ಸರ್ವರಿಗೆ ಸುಳ್ಳು ಹೇಳುವ ಅವಕಾಶವೇ ಸಿಗುತ್ತಿರಲಿಲ್ಲ. ಕ್ಯಾಶನ್ನು ತೆಗೆದ ಮೇಲೆ ಇನ್ನೊಂದು ಹುಳುಕು ಹೊರಬಿತ್ತು: ಸಂಪರ್ಕ ಕಡಿದು ಮರುಪ್ರಯತ್ನ ನಡೆಯುವ ದಾರಿಯಲ್ಲಿ ಪರಿಶೀಲನೆಯ ಫಲಿತಾಂಶವನ್ನು ಯಾರೂ ನೋಡುತ್ತಲೇ ಇರಲಿಲ್ಲ. ಗಣಿತ ಸರಿಯಿತ್ತು, ಹ್ಯಾಶ್ ಸರಿಯಿತ್ತು, ಅದರ ಉತ್ತರವನ್ನು ಕೇಳುವವರು ಇರಲಿಲ್ಲ. ಅಂದಿನಿಂದ, ಸೋಲಲೇಬೇಕಾದ ಪರೀಕ್ಷೆ ಸೋಲುವುದನ್ನು ಕಣ್ಣಾರೆ ನೋಡುವವರೆಗೆ ಗೆದ್ದ ಪರೀಕ್ಷೆಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ದುಷ್ಟ ಸರ್ವರಿನ ಅತಿ ಪರಿಣಾಮಕಾರಿಯಾದ ದಾಳಿಯಲ್ಲಿ ಯಾವ ತಿರುಚುವಿಕೆಯೂ ಇರಲಿಲ್ಲ. ನಿನ್ನೆಯ ದತ್ತಾಂಶವನ್ನೂ ನಿನ್ನೆಯ ಪುರಾವೆಯನ್ನೂ ಅದು ಹಾಗೆಯೇ ಹಿಂದಿರುಗಿಸಿತು. ಬೇರು ತಿಳಿದಿದ್ದ ಕ್ಲೈಂಟ್ ಇದನ್ನು ಹಿಡಿಯಿತು. ಆದರೆ ಎರಡನೆಯ ಕ್ಲೈಂಟ್ ಒಂದನ್ನು ಸೇರಿಸಿದಾಗ, ಮೊದಲನೆಯದು ಮಾಡಿದ ಬದಲಾವಣೆಯ ಸುಳಿವೇ ಇಲ್ಲದ ಅದು ಹಳೆಯ ನಿಜವನ್ನು ಹೊಸ ನಿಜವೆಂದು ಒಪ್ಪಿಕೊಂಡಿತು. ಸಹಿ ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಹಳೆಯ ಬೇರಿನ ಮೇಲಿನ ಸಹಿಯೂ ಅಸಲಿಯೇ. ಸರ್ವರ್ ಇಬ್ಬರಿಗೂ ಎರಡು ಬೇರೆ ಬೇರೆ ಚರಿತ್ರೆಗಳನ್ನು ತೋರಿಸುತ್ತ ಹೋಗಬಹುದು, ಮತ್ತು ಸರ್ವರನ್ನು ಬಿಟ್ಟು ಬೇರೆ ಯಾವ ದಾರಿಯಲ್ಲಿಯೂ ಆ ಇಬ್ಬರು ಮಾತನಾಡದಿದ್ದರೆ ಇದನ್ನು ಪತ್ತೆ ಹಚ್ಚುವ ಉಪಾಯವೇ ಇಲ್ಲ. ಹೀಗೆ ಒಮ್ಮೆ ಕವಲೊಡೆದ ಚರಿತ್ರೆಗಳು ಮತ್ತೆ ಗುಟ್ಟಾಗಿ ಕೂಡಿಕೊಳ್ಳದಂತೆ ಮಾಡುವುದು ಸಾಧ್ಯವೆಂದು 2004ರ ಸಂಡರ್ ವ್ಯವಸ್ಥೆ ತೋರಿಸಿಕೊಟ್ಟಿತ್ತು. ನಾವು ಅದೇ ಜಾಡಿನಲ್ಲಿ ನಡೆದು, ಕ್ಲೈಂಟುಗಳು ತಮ್ಮ ಬೇರುಗಳನ್ನು ಆಗಾಗ್ಗೆ ನೇರವಾಗಿ ಹೋಲಿಸಿ ನೋಡುವಂತೆ ಏರ್ಪಡಿಸಿದೆವು.

ಕ್ಲೈಂಟುಗಳು ಯಾವಾಗಲೂ ಪರಸ್ಪರ ಸಿಗುವುದಿಲ್ಲವಾದ್ದರಿಂದ, ಇತ್ತೀಚಿನ ಬೇರನ್ನು ಸರ್ವರಿನೊಳಗೇ ರಕ್ಷಿತ ಜಾಗದಲ್ಲಿ ಇಡುವ ಯೋಚನೆ ಬಂತು. 2015ರಲ್ಲಿ ಇಂಟೆಲ್‌ನ ಸ್ಕೈಲೇಕ್ ಚಿಪ್‌ಗಳೊಂದಿಗೆ ಬಂದ ಎಸ್‌ಜಿಎಕ್ಸ್ ಎನ್‌ಕ್ಲೇವ್ ಅಂತಹ ಜಾಗವನ್ನು ಒದಗಿಸುತ್ತದೆ: ಆಪರೇಟಿಂಗ್ ಸಿಸ್ಟಮ್ಮಿಗೂ ಅದರೊಳಗೆ ಇಣುಕಲು ಬಿಡುವುದಿಲ್ಲ, ಮತ್ತು ಒಳಗೆ ಯಾವ ಪ್ರೋಗ್ರಾಮು ನಡೆಯುತ್ತಿದೆ ಎಂಬುದಕ್ಕೆ ದೂರದ ಕ್ಲೈಂಟಿಗೆ ದೃಢೀಕರಣವನ್ನೂ ಕೊಡುತ್ತದೆ. ಆದರೆ ವಿದ್ಯುತ್ ಹೋದರೆ ಎನ್‌ಕ್ಲೇವಿನ ನೆನಪೆಲ್ಲ ಅಳಿಸಿಹೋಗುತ್ತದೆ. ಅದು ತನ್ನ ಸ್ಥಿತಿಯನ್ನು ಹೊರಗಿನವರು ಓದಲಾರದಂತೆ ಮೊಹರು ಮಾಡಿ ಡಿಸ್ಕಿಗೆ ಬರೆಯಬೇಕು, ಆ ಡಿಸ್ಕು ಸರ್ವರಿನ ಕೈಯಲ್ಲಿಯೇ ಇದೆ, ಮತ್ತು ಮರುಚಾಲನೆಯಾದಾಗ ಸರ್ವರ್ ಹಳೆಯ ಮೊಹರಿನ ಪ್ರತಿಯನ್ನು ಕೊಡಬಹುದು. ಅಂದರೆ ಸಮಸ್ಯೆ ಬಗೆಹರಿಯದೆ ಒಂದು ಮನೆ ಆಚೆಗೆ ಸರಿದಿತ್ತಷ್ಟೆ.

ಮುಂದಕ್ಕೆ ಮಾತ್ರ ಎಣಿಸಬಲ್ಲ ಯಂತ್ರಾಂಶದ ಕೌಂಟರ್ ಇದಕ್ಕೆ ಪಠ್ಯಪುಸ್ತಕದ ಪರಿಹಾರ: ಪ್ರತಿ ಸ್ಥಿತಿಯೊಳಗೂ ಕೌಂಟರಿನ ಸಂಖ್ಯೆಯನ್ನು ಬರೆದು, ಚಾಲನೆಯ ಹೊತ್ತಿಗೆ ಎರಡನ್ನೂ ತಾಳೆ ನೋಡುವುದು. ಆದರೆ ಎರಡರಲ್ಲಿ ಯಾವುದು ಮೊದಲು? ಕೌಂಟರನ್ನು ಮೊದಲು ಏರಿಸಿ, ಸ್ಥಿತಿಯನ್ನು ಬರೆಯುವ ಮುನ್ನ ವಿದ್ಯುತ್ ಹೋದರೆ, ಡಿಸ್ಕಿನಲ್ಲಿ ಇರುವುದು ಹಿಂದಿನ ಸಂಖ್ಯೆಯ ಸ್ಥಿತಿ ಮಾತ್ರ; ವ್ಯವಸ್ಥೆ ತನ್ನದೇ ದತ್ತಾಂಶವನ್ನು ತಿರಸ್ಕರಿಸಿ ಶಾಶ್ವತವಾಗಿ ಬೀಗ ಜಡಿದುಕೊಳ್ಳುತ್ತದೆ. ಸ್ಥಿತಿಯನ್ನು ಮೊದಲು ಬರೆದರೆ, ಕೌಂಟರ್ ಏರುವ ಮುನ್ನವೇ ಯಂತ್ರವನ್ನು ನಿಲ್ಲಿಸಿ, ಹಿಂದಿನ ಸ್ಥಿತಿಯಿಂದ ಮತ್ತೆ ಆರಂಭಿಸಿ, ಬೇರೆ ಕೋರಿಕೆಯನ್ನು ಕೊಟ್ಟು, ಒಂದೇ ಸಂಖ್ಯೆಯ ಎರಡು ಸ್ಥಿತಿಗಳನ್ನು ಸೃಷ್ಟಿಸಲು ದಾಳಿಕೋರನಿಗೆ ದಾರಿಯಾಗುತ್ತದೆ. ಈ ಇಕ್ಕಟ್ಟಿನಲ್ಲಿ ನಾನು ಕೆಲವು ತಿಂಗಳು ಸಿಲುಕಿದ್ದೆ. ಹಾಳೆಯ ಮೇಲೆ ಬರೆದ ಪರಿಹಾರಗಳೆಲ್ಲ ಬರೆದ ದಿನ ಸರಿಯಾಗಿಯೇ ಕಾಣುತ್ತಿದ್ದವು. ಕೊನೆಗೆ ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ ಟಿಎಲ್‌ಎ ಪ್ಲಸ್ ಭಾಷೆಯಲ್ಲಿ ಇಡೀ ವ್ಯವಹಾರವನ್ನು ಬರೆದು, ಪ್ರತಿ ಹೆಜ್ಜೆಯ ನಂತರವೂ ಯಂತ್ರ ನಿಲ್ಲಬಹುದೆಂದು ಸೇರಿಸಿ, ಸಾಧ್ಯವಿರುವ ಎಲ್ಲ ಹೆಜ್ಜೆಗಳನ್ನೂ ನಡೆಸಿ ನೋಡುವ ಮಾದರಿ ಪರಿಶೀಲಕಕ್ಕೆ ಒಪ್ಪಿಸಿದೆ. ಅದು ನನ್ನ ಹೆಮ್ಮೆಯ ಪರಿಹಾರವನ್ನು ಬೆರಳೆಣಿಕೆಯ ಹೆಜ್ಜೆಗಳಲ್ಲಿ ಮುರಿದು ತೋರಿಸಿತು.

ನಾವು ಕೊನೆಗೆ ನೆಲೆ ನಿಂತ ವಿನ್ಯಾಸ 2011ರಲ್ಲಿ ಪ್ರಕಟವಾದ ಮೆಮೊಯರ್ ವ್ಯವಸ್ಥೆಗೆ ಋಣಿಯಾಗಿದೆ. ಬಂದ ಕೋರಿಕೆಯನ್ನು ಮೊದಲು ಡಿಸ್ಕಿಗೆ ಬರೆಯಬೇಕು. ಬಳಿಕ, ವಿದ್ಯುತ್ ಹೋದರೂ ಅಳಿಯದ ರಕ್ಷಿತ ನೆನಪಿನಲ್ಲಿರುವ ಹ್ಯಾಶ್ ಸರಪಳಿಗೆ ಆ ಕೋರಿಕೆಯ ಹ್ಯಾಶನ್ನು ಸೇರಿಸಬೇಕು. ಕೋರಿಕೆಯನ್ನು ನೆರವೇರಿಸುವುದು ಅದಾದ ಮೇಲೆ. ನಡುವೆ ಯಂತ್ರ ನಿಂತರೆ, ಹಳೆಯ ಸ್ಥಿತಿಗೆ ಯಾವ ಕೋರಿಕೆಯನ್ನು ಸೇರಿಸಿದರೆ ಸರಪಳಿ ಹೊಂದುತ್ತದೆಯೋ ಆ ಒಂದನ್ನು ಮಾತ್ರ ಮರಳಿ ನಡೆಸಬಹುದು; ಬೇರೆಯದನ್ನು ನಡೆಸಲು ಬರುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಇಡೀ ಪ್ರೋಗ್ರಾಮು ನಿರ್ಧಾರಿತವಾಗಿರಬೇಕು, ಅಂದರೆ ಅದೇ ಕೋರಿಕೆಗೆ ಪ್ರತಿ ಸಲವೂ ಅದೇ ಫಲಿತಾಂಶ ಬರಬೇಕು. ಗಡಿಯಾರ ನೋಡುವ, ಯಾದೃಚ್ಛಿಕ ಸಂಖ್ಯೆ ಕೇಳುವ ಪ್ರತಿ ಸಾಲನ್ನೂ ಹುಡುಕಿ ತೆಗೆಯುವ ಕೆಲಸ ವಿನ್ಯಾಸಕ್ಕಿಂತ ಹೆಚ್ಚು ಸಮಯ ತಿಂದಿತು.

2018ರ ಆಗಸ್ಟ್‌ನಲ್ಲಿ ಫೋರ್‌ಶ್ಯಾಡೋ ದಾಳಿ ಪ್ರಕಟವಾಯಿತು. ಮುಂದಿನ ಆದೇಶಗಳನ್ನು ಊಹಿಸಿ ಮೊದಲೇ ನಡೆಸುವ ಪ್ರೊಸೆಸರಿನ ಊಹಾತ್ಮಕ ಚಾಲನೆಯಲ್ಲಿನ ದೋಷವನ್ನು ಬಳಸಿ ಎನ್‌ಕ್ಲೇವಿನೊಳಗಿನ ನೆನಪನ್ನು ಓದಬಹುದೆಂದೂ, ದೃಢೀಕರಣಕ್ಕೆ ಬಳಸುವ ಗುಪ್ತ ಕೀಲಿಯನ್ನೇ ಹೊರತೆಗೆಯಬಹುದೆಂದೂ ಸಂಶೋಧಕರು ತೋರಿಸಿದರು. ಆ ಕೀಲಿ ಕೈ ಸೇರಿದವನು ಎನ್‌ಕ್ಲೇವ್ ಇಲ್ಲದೆಯೇ ಎನ್‌ಕ್ಲೇವಿನ ಹೆಸರಿನಲ್ಲಿ ಸಹಿ ಹಾಕಬಲ್ಲ. ತೇಪೆಗಳು ಬಂದವು, ನಿಜ. ಆದರೂ ನಮ್ಮ ಪ್ರಬಂಧದ ಕರಡಿನಲ್ಲಿ ‘ಯಂತ್ರಾಂಶವನ್ನು ನಂಬುತ್ತೇವೆ’ ಎಂದಿದ್ದ ಒಂದು ಸಾಲಿನ ಊಹೆಯನ್ನು ಹಾಗೆಯೇ ಉಳಿಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಕ್ಲೈಂಟುಗಳು ಬೇರುಗಳನ್ನು ಹೋಲಿಸುವ ಹಳೆಯ ಏರ್ಪಾಡನ್ನು ಮರಳಿ ಸೇರಿಸಿ, ಎನ್‌ಕ್ಲೇವ್ ಮುರಿದರೆ ವಂಚನೆ ತಡವಾಗಿಯಾದರೂ ಪತ್ತೆಯಾಗುವಂತೆ, ಮುರಿಯದಿದ್ದರೆ ಕೂಡಲೇ ಪತ್ತೆಯಾಗುವಂತೆ ವಿನ್ಯಾಸವನ್ನು ಬದಲಿಸಿದೆವು.

ಒಂದೇ ಯಂತ್ರದ ಕೌಂಟರನ್ನು ಅವಲಂಬಿಸುವುದನ್ನು ತಪ್ಪಿಸಲು ಅದನ್ನು ನಾಲ್ಕು ಯಂತ್ರಗಳಿಗೆ ಹಂಚಿದೆವು. ಲ್ಯಾಂಪೋರ್ಟ್, ಶೋಸ್ಟಾಕ್ ಮತ್ತು ಪೀಸ್ ಅವರು 1982ರಲ್ಲಿ ಬೈಜಾಂಟೈನ್ ಸೇನಾಪತಿಗಳ ಸಮಸ್ಯೆಯಾಗಿ ಮಂಡಿಸಿದ ಲೆಕ್ಕದಂತೆ, ಸಹಿಗಳಿಲ್ಲದ ಮಾತುಕತೆಯಲ್ಲಿ ಒಬ್ಬ ದ್ರೋಹಿಯನ್ನು ಸಹಿಸಲು ಒಟ್ಟು ನಾಲ್ವರು ಬೇಕು. ಸಹಿಗಳಿದ್ದರೂ, ಸಂದೇಶ ಎಷ್ಟು ತಡವಾಗುತ್ತದೋ ಗೊತ್ತಿಲ್ಲದ ನಮ್ಮಂತಹ ಜಾಲದಲ್ಲಿ ಆ ನಾಲ್ಕು ತಪ್ಪುವುದಿಲ್ಲ. ಕ್ಯಾಸ್ಟ್ರೊ ಮತ್ತು ಲಿಸ್ಕೊವ್ 1999ರಲ್ಲಿ ಅಂತಹ ಒಮ್ಮತವನ್ನು ಬಳಕೆಗೆ ಯೋಗ್ಯವಾದ ವೇಗದಲ್ಲಿ ನಡೆಸಬಹುದೆಂದು ತೋರಿಸಿದ್ದರಿಂದ ಪ್ರೋಟೋಕಾಲ್ ಹುಡುಕುವ ಕಷ್ಟವೂ ಇರಲಿಲ್ಲ. ನಾಲ್ಕು ಯಂತ್ರಗಳನ್ನೂ ಬೇರೆ ಬೇರೆ ಪೂರೈಕೆದಾರರಿಂದ ಪಡೆದೆವು. ಆಮೇಲೊಂದು ದಿನ ನಮ್ಮದೇ ದುಷ್ಟ ಸರ್ವರ್ ಕಳುಹಿಸಿದ, ಅಂಕೆ ಮೀರಿದ ಉದ್ದದ ಸಂದೇಶವೊಂದಕ್ಕೆ ನಾಲ್ಕೂ ಒಂದೇ ಕ್ಷಣದಲ್ಲಿ ಕುಸಿದು ಬಿದ್ದವು: ನಾಲ್ಕರಲ್ಲಿಯೂ ನಡೆಯುತ್ತಿದ್ದದ್ದು ನಾನೇ ಬರೆದ ಒಂದೇ ಪ್ರೋಗ್ರಾಮು. ಈಗ ಅದನ್ನು ನನ್ನ ಕೋಡನ್ನು ನೋಡದ ಸಹೋದ್ಯೋಗಿಯೊಬ್ಬರು ಬೇರೆ ಭಾಷೆಯಲ್ಲಿ ಮೊದಲಿನಿಂದ ಬರೆಯುತ್ತಿದ್ದಾರೆ.