ದಡ ಮುಟ್ಟದೆ ಸಿಕ್ಕ ಹಲ್ಲುಗಳು: ಬಿಗ್ ಬ್ರೂಕ್‌ನಲ್ಲಿ ನನ್ನ ಅನುಭವ

"ದಡ ಅಗೆಯದೆ ಅಲ್ಲಿ ಏನೂ ಸಿಗಲ್ಲ ಬಿಡಿ." ಮೂರು ವರ್ಷದ ಹಿಂದೆ, ಬಿಗ್ ಬ್ರೂಕ್ ಅನ್ನುವ ತೊರೆಯಲ್ಲಿ ಶಾರ್ಕ್ ಹಲ್ಲಿನ ಫಾಸಿಲ್ (ಪಳೆಯುಳಿಕೆ) ಹುಡುಕಲು ಹೊರಟಿದ್ದ ನನಗೆ ಹೀಗೆ ಹೇಳಿದ್ದ ಗೆಳೆಯರೊಬ್ಬರು ಹೋದ ತಿಂಗಳು ನಮ್ಮನೆಗೆ ಊಟಕ್ಕೆ ಬಂದಿದ್ದರು. ಊಟ ಆದ ಮೇಲೆ ಸುಮ್ನೆ ಒಂದು ಡಬ್ಬಿ ತಂದು ಟೇಬಲ್ ಮೇಲೆ ಇಟ್ಟೆ. ಅವರು ಒಂದು ಹಲ್ಲು ಎತ್ತಿಕೊಂಡು ಬೆಳಕಿಗೆ ಹಿಡಿದರು. ಬೇರು ಪೂರ್ತಿ ಇತ್ತು, ತುದಿಯೂ ಮುರಿದಿರಲಿಲ್ಲ. "ಎಲ್ಲಿ ಕೊಂಡ್ಕೊಂಡ್ರಿ ಇದನ್ನ?" ಅಂದರು. ಅವತ್ತು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಜಾಗ ಯಾವುದು ಅಂದರೆ, ನ್ಯೂಜೆರ್ಸಿಯ ಮಾನ್ಮತ್ ಕೌಂಟಿಯ ಕೋಲ್ಟ್ಸ್ ನೆಕ್‌ನಲ್ಲಿ, ಹಿಲ್ಸ್‌ಡೇಲ್ ರಸ್ತೆ ಪಕ್ಕದ ಬಿಗ್ ಬ್ರೂಕ್. ಅಲ್ಲಿ ಹುಡುಕಲು ನಿಯಮ ಇದೆ. ಕರಣೆಯ ಅಲಗು 6 ಇಂಚು ದಾಟಬಾರದು. ಜರಡಿ ಯಾವ ಕಡೆಯಿಂದ ಅಳೆದರೂ 18 ಇಂಚು ಮೀರಬಾರದು. ದಡ ಅಗೆಯುವ ಹಾಗಿಲ್ಲ, ತೊರೆಯ ತಳದಲ್ಲಿ ಸಿಕ್ಕಿದ್ದು ಮಾತ್ರ. ಒಬ್ಬರಿಗೆ ದಿನಕ್ಕೆ 5 ಫಾಸಿಲ್. ಎಲ್ಲರೂ ಗೊಣಗುವುದು ಈ ಕೊನೆಯ ಎರಡಕ್ಕೇ. ವಾರಾಂತ್ಯಕ್ಕೆ ನೂರು ಜನ ಜಾಲಾಡುವ ತೊರೆಯಲ್ಲಿ ಐದೇ ಐದು ತಗೊಂಡು ಏನು ಮಾಡೋದು ಅಂತ.

ಮೊದಲ ವರ್ಷ ನಾನೂ ಗೊಣಗಿದೆ. ಜುಲೈ, ಆಗಸ್ಟ್‌ನಲ್ಲಿ ಶನಿವಾರ ಶನಿವಾರ ಹೋಗುತ್ತಿದ್ದೆ. ಎಡಿಸನ್‌ನಿಂದ ರೂಟ್ 18 ಹಿಡಿದು ಮುಕ್ಕಾಲು ಗಂಟೆ. ಒಂಬತ್ತೋ ಹತ್ತೋ ಸಲ ಹೋಗಿರಬೇಕು. ಸಿಕ್ಕಿದ್ದು ಮುರಿದ ಬೆಲೆಮ್ನೈಟ್ (ಸ್ಕ್ವಿಡ್‌ನಂಥ ಹಳೆಯ ಕಡಲಪ್ರಾಣಿ) ತುಂಡುಗಳು, ಸಿಂಪಿ ಚೂರು, ಮತ್ತೆ ಹಲ್ಲು ಅಂದುಕೊಂಡು ತಂದ ಕಪ್ಪು ಕಲ್ಲುಗಳು. ಅವುಗಳಲ್ಲಿ ಒಂದು ಬರೀ ಕಲ್ಲಿದ್ದಲು. ಅದನ್ನೂ ಹತ್ತಿ ಹಾಸಿ ಡಬ್ಬಿಯಲ್ಲಿ ಇಟ್ಟಿದ್ದೆ, ನಗಬೇಡಿ.

ದುಡ್ಡಿನ ಕಥೆ ಬೇರೆ. ಎದೆವರೆಗಿನ ವೇಡರ್, ಅಂದರೆ ನೀರಿಗೆ ಇಳಿಯಲು ಹಾಕುವ ಬೂಟು ಸೇರಿದ ಉಡುಪು, ಸುಮಾರು 110 ಡಾಲರ್. ಮೂರನೇ ಸಲಕ್ಕೇ ಎಡಗಾಲಿನ ಹೊಲಿಗೆಯಲ್ಲಿ ನೀರು ಬಂತು. ರೆಡಿಮೇಡ್ ಜರಡಿ 45 ಡಾಲರ್. ಮನೆಗೆ ತಂದು ಟೇಪ್ ಹಿಡಿದರೆ 20 ಇಂಚು. ಕೊಂಡ ಡಬ್ಬ ಬಿಸಾಕಿಬಿಟ್ಟಿದ್ದೆ, ವಾಪಸ್ ಕೊಡುವ ಹಾಗಿರಲಿಲ್ಲ. ಈಗ ಅದು ಹಿತ್ತಲಿನಲ್ಲಿ ಗೊಬ್ಬರ ಸೋಸೋದಕ್ಕೆ. ಆಮೇಲೆ ಮರದ ಪಟ್ಟಿ, ಕಾಲು ಇಂಚಿನ ತಂತಿ ಬಲೆ, ಸ್ಟೇಪಲ್ ತಂದು ಹದಿನಾರು ಹದಿನೇಳು ಡಾಲರ್‌ನಲ್ಲಿ ನಾನೇ ಮಾಡಿಕೊಂಡೆ. 17 ಇಂಚು, ಯಾಕೆ ರಿಸ್ಕ್ ಅಂತ. ಎರಡನೇ ಬೇಸಿಗೆಯಲ್ಲಿ ಉಣ್ಣೆ ಹುಳ ಕಚ್ಚಿ ಮಂಡಿ ಹಿಂದೆ ಕೆಂಪು ಬಳೆ ಎದ್ದಿತು. ಡಾಕ್ಟರ ಹತ್ತಿರ ಓಡಿದ್ದು, ಎರಡು ವಾರ ಮಾತ್ರೆ ನುಂಗಿದ್ದು ಬೇರೆ. ಎಲ್ಲ ಸೇರಿಸಿದರೆ 450 ಡಾಲರ್ ಹತ್ತಿರ ಹೋಗಿರಬೇಕು, ಪೆಟ್ರೋಲ್ ಬಿಟ್ಟು. "ರೀ, ಆ ದುಡ್ಡಿಗೆ ಇಂಥ ಹಲ್ಲು ಒಂದು ಡಜನ್ ಕೊಳ್ಳಬಹುದಿತ್ತು" ಅಂತ ಮನೆಯಾಕೆ ಲೆಕ್ಕ ಹಾಕಿ ಹೇಳಿದಳು. ಲೆಕ್ಕ ಸರಿಯಾಗಿತ್ತು, ಅದಕ್ಕೇ ಸಿಟ್ಟು ಬಂತು.

ದಾರಿ ತಿರುಗಿದ್ದು ಮಾರ್ಚ್‌ನಲ್ಲಿ. ಚಳಿಗಾಲ ಮುಗಿಯುತ್ತಿತ್ತು. ಯಾರೂ ಬರುವುದಿಲ್ಲ ಅಂತ ಒಂದು ಬುಧವಾರ ರಜೆ ಹಾಕಿ ಹೋದೆ. ಒಂದು ತಿರುವಿನಲ್ಲಿ ದಡ ತಾನೇ ಕುಸಿದು ಬಿದ್ದಿತ್ತು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ, ಕಪ್ಪು ಹಸಿರು ಮಣ್ಣು ಒಂದು ಮಂಚದಷ್ಟು ಜಾರಿ ನೀರಿಗೆ ಇಳಿದಿತ್ತು. ಮುಟ್ಟಬೇಕು ಅಂತ ಕೈ ತುರಿಸಿತು. ಮುಟ್ಟಲಿಲ್ಲ. ಕುಸಿದ ಮಣ್ಣಾದರೂ ದಡದ್ದೇ ಅಲ್ವಾ, ನೋಡಿದವರಿಗೆ ನಾನೇ ಕೆಡವಿದ ಹಾಗೆ ಕಾಣುತ್ತೆ. ಒಂದು ಫೋಟೋ ತೆಗೆದುಕೊಂಡು ಬಂದೆ. ಐದು ದಿನ ಬಿಟ್ಟು ಜೋರು ಮಳೆ ಬಂತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಆ ಗುಡ್ಡೆಯೇ ಇಲ್ಲ. ಮಣ್ಣೆಲ್ಲ ತೊಳೆದು ಹೋಗಿತ್ತು. ಹಾಗಾದರೆ ಅದರೊಳಗಿದ್ದ ಭಾರದ ಸಾಮಾನು ಎಲ್ಲಿ ಹೋಯಿತು?

ನನ್ನ ಮೆಥಡ್ ಅಂದರೆ ಇಷ್ಟೇ. ನಾನು ಅಗೆಯುವ ಹಾಗಿಲ್ಲ, ತೊರೆ ಅಗೆಯಬಹುದು. ಅದು ಅಗೆದಿದ್ದನ್ನು ಎಲ್ಲಿ ತಂದು ಇಡುತ್ತೆ ಅಂತ ನೋಡಬೇಕು. ಚಳಿಗಾಲದಲ್ಲಿ ಎಲ್ಲೆಲ್ಲಿ ಕುಸಿದಿದೆ ಅಂತ ಗುರುತು ಹಾಕಿಕೊಳ್ಳುತ್ತೇನೆ. ದೊಡ್ಡ ಮಳೆ ಆದ ಮೇಲೆ ಹತ್ತಿರದ ಯುಎಸ್‌ಜಿಎಸ್ (ಅಮೆರಿಕದ ಭೂವಿಜ್ಞಾನ ಇಲಾಖೆ) ನೀರಿನ ಮಟ್ಟದ ಮಾಪಕದಲ್ಲಿ ನೀರು ಇಳಿಯುವುದನ್ನು ಕಾಯುತ್ತೇನೆ. ಆಮೇಲೆ ಕುಸಿದ ಜಾಗದಿಂದ ಕೆಳಗೆ ಮೊದಲು ಸಿಗುವ ದಪ್ಪ ಜಲ್ಲಿಗೆ ಹೋಗುತ್ತೇನೆ. ಜಲ್ಲಿಯ ಕೆಳಗೆ ಗಟ್ಟಿ ಜೇಡಿ ಕರಣೆಗೆ ತಾಗಬೇಕು. ಮೇಲಿನ ಮರಳು ಸವರಿ ಪಕ್ಕಕ್ಕೆ ಹಾಕಿ, ಜೇಡಿಗೆ ಅಂಟಿದ ಕೊನೆಯ ನಾಲ್ಕು ಬೆರಳು ಜಲ್ಲಿ ಮಾತ್ರ ಜರಡಿಗೆ. ನೀರು ಎಷ್ಟಕ್ಕೆ ಇಳಿದಾಗ ಹೋಗಬೇಕು, ಕುಸಿತದಿಂದ ಎಷ್ಟು ಹೆಜ್ಜೆ, ಇದನ್ನು ನಾನು ಹೇಳುವುದಿಲ್ಲ. ಅದಕ್ಕೆ ನನಗೆ ಎರಡು ಚಳಿಗಾಲ ಹಿಡಿದಿದೆ. ನೀವೂ ಸ್ವಲ್ಪ ಬೆರಳು ಮರಗಟ್ಟಿಸಿಕೊಳ್ಳಿ.

ಮಣ್ಣಿನ ಗುಡ್ಡೆ ತೊಳೆದು ಹೋಗಿದ್ದ ಅವತ್ತು ಮೂರು ಗಂಟೆಯಲ್ಲಿ ಗಾಬ್ಲಿನ್ ಶಾರ್ಕ್ ಹಲ್ಲು ನಾಲ್ಕು ಸಿಕ್ಕವು. ಒಂದು ಒಂದೂವರೆ ಇಂಚಿನದು, ಬೇರಿನ ಎರಡೂ ಕಾಲು ಇದ್ದವು. ಸ್ಕ್ವಾಲಿಕೊರ್ಯಾಕ್ಸ್ ಅನ್ನುವ ಅಳಿದುಹೋದ ಶಾರ್ಕಿನ ಹಲ್ಲು ಎರಡು, ಗರಗಸದಂಥ ಅಂಚು ಉಗುರಿಗೆ ತಾಗುತ್ತಿತ್ತು. ಎನ್‌ಕೋಡಸ್ ಅನ್ನುವ ಅಳಿದುಹೋದ ಮೀನಿನ ಕೋರೆಹಲ್ಲು ಒಂದು. ಅದರ ಹಿಂದಿನ ವರ್ಷ ಇಡೀ ಬೇಸಿಗೆಯಲ್ಲಿ ಸಿಕ್ಕಿದ್ದಕ್ಕಿಂತ ಜಾಸ್ತಿ. ಏಳರಲ್ಲಿ ಐದು ಇಟ್ಟುಕೊಂಡು ಎರಡನ್ನು ವಾಪಸ್ ನೀರಿಗೆ ಹಾಕಿದೆ. ಅದಕ್ಕೆ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಅಪ್ಪನ ಹಳೆಯ ಮಾತ್ರೆ ಡಬ್ಬಿ, ಏಳು ಮನೆ ಇರುವುದು. ಶನಿ, ಭಾನುವಾರದ ಮನೆಗೆ ಟೇಪ್ ಅಂಟಿಸಿದ್ದೇನೆ. ಸೋಮವಾರದಿಂದ ಶುಕ್ರವಾರ, ಐದೇ ಮನೆ. ಹೊಸದು ಸಿಕ್ಕಿದರೆ ಹಳೆಯದರಲ್ಲಿ ಒಂದು ಎದ್ದು ಜಾಗ ಬಿಡಬೇಕು. ಹೀಗೆ ಮಾಡಿದ ಮೇಲೆ ಡಬ್ಬಿಯಲ್ಲಿ ಕಸ ಸೇರುವುದು ನಿಂತಿತು.

ಜರಡಿ ಆಡಿಸುವುದನ್ನು ಕಲಿಸಿದ್ದು ನಮ್ಮಮ್ಮ. ತಿಪಟೂರಿನಿಂದ ಆರು ತಿಂಗಳಿಗೆ ಬಂದಿದ್ದರು. ಒಂದು ದಿನ ನಾನೂ ಬರ್ತೀನಿ ಅಂತ ಬಂದು ಮಡಿಸೋ ಕುರ್ಚಿ ಹಾಕಿಕೊಂಡು ನೀರಿನಂಚಿಗೆ ಕೂತರು. ನಾನು ಜರಡಿ ಹಿಡಿದು ಮುಂದಕ್ಕೂ ಹಿಂದಕ್ಕೂ ತಳ್ಳುತ್ತಿದ್ದೆ. ಐದು ನಿಮಿಷ ನೋಡಿದರು. "ಹಿಟ್ಟು ಜರಡಿ ಹಿಡಿತಿದೀಯೇನೋ? ಕೊಡು ಇಲ್ಲಿ" ಅಂತ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೇಬಿಟ್ಟರು. ಜರಡಿಯ ಅರ್ಧ ಮುಳುಗಿಸಿ, ರಾಗಿ ಜಾಲಿಸುವ ಹಾಗೆ ದುಂಡಗೆ ತಿರುಗಿಸಿ, ಮಧ್ಯೆ ಮಧ್ಯೆ ಒಂದು ಸಣ್ಣ ಕುಟ್ಟು. ಕಡ್ಡಿ, ಸಿಂಪಿ ಚೂರು ಅಂಚಿಗೆ ತೇಲಿ ಬಂದವು. ಅವನ್ನು ಅಂಗೈಯಿಂದ ಸವರಿ ಹಾಕಿದರು. ನಡುವೆ ಉಳಿದ ಒಂದು ಹಿಡಿ ಕಪ್ಪು ಕಲ್ಲಿನಲ್ಲಿ ಹೊಳೆಯುವ ತುದಿ ಒಂದು. "ಇದಾ ನಿನ್ನ ಹಲ್ಲು?" ಅಂದರು. ಅದೇ. ಏಳು ಕೋಟಿ ವರ್ಷದ ಹಲ್ಲು ಅಂದೆ. "ಹುಳುಕೇ ಇಲ್ವಲ್ಲೋ" ಅಂದರು.

ನಮ್ಮೂರಲ್ಲೂ ಹುಡುಕಬಹುದಾ ಅಂತ ಕೇಳಿದರು. ತಿಪಟೂರಿನ ಕಡೆಯ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು, ಆಗ ಹಲ್ಲಿರುವ ಪ್ರಾಣಿಯೇ ಹುಟ್ಟಿರಲಿಲ್ಲ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು.

ಒಂದು ಪ್ರಯೋಗ ಕೈಕೊಟ್ಟಿದ್ದು ಹೇಳಿಬಿಡುತ್ತೇನೆ. ಬೆಲೆಮ್ನೈಟ್ ಮೇಲೆ ಕಬ್ಬಿಣದ ಕಂದು ಕಲೆ ಇರುತ್ತೆ ನೋಡಿ, ಅದಕ್ಕೆ ಹಿತ್ತಾಳೆ ದೀಪ ಉಜ್ಜೋ ಹಾಗೆ ಹುಣಸೆಹಣ್ಣು ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಜೇನಿನ ಬಣ್ಣದ ಹೊಳಪೆಲ್ಲ ಹೋಗಿ ಸೀಮೆಸುಣ್ಣದ ತುಂಡಿನ ಹಾಗಾಗಿತ್ತು. ಅದು ಕ್ಯಾಲ್ಸೈಟ್, ಹುಳಿಗೆ ಕರಗುತ್ತೆ, ನನಗೆ ಹೊಳೆಯಲೇ ಇಲ್ಲ. ಬುದ್ಧಿ ಬರಲಿಲ್ಲ, ಇನ್ನೊಂದಕ್ಕೆ ವಿನೆಗರ್ ಹಾಕಿದೆ. ಅದು ಗುಳ್ಳೆ ಎದ್ದು ಇನ್ನೂ ಬೇಗ ಹಾಳಾಯಿತು. ಈಗ ಹಳೆಯ ಟೂತ್‌ಬ್ರಷ್, ನೀರು, ಅಷ್ಟೇ. ಚೆನ್ನಾಗಿ ಕೆಲಸ ಮಾಡಿದ್ದು ಪೋಲರಾಯ್ಡ್ ಕನ್ನಡಕ. ನೀರಿನ ಮೇಲಿನ ಹೊಳಪು ಕಡಿಮೆಯಾಗಿ ತಳ ನೇರ ಕಾಣುತ್ತೆ.

ಇನ್ನು ಜಮೀನಿನ ವಿಷಯ. ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಎರಡನೇ ವರ್ಷ ನೀರಿನಲ್ಲೇ ನಡೆದುಕೊಂಡು ಕೆಳಗೆ ಕೆಳಗೆ ಹೋಗಿಬಿಟ್ಟೆ. ನೀರು ಯಾರದ್ದೂ ಅಲ್ಲ ಅಂತ ನನ್ನ ಲೆಕ್ಕ. ದಡದ ಮೇಲೆ ವಯಸ್ಸಾದ ಒಬ್ಬರು ನಾಯಿ ಹಿಡಿದುಕೊಂಡು ನಿಂತಿದ್ದರು. "ನೀವು ನನ್ನ ಹಿತ್ತಲಿನಲ್ಲಿದ್ದೀರಿ" ಅಂದರು. ಕೂಗಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು. ನ್ಯೂಜೆರ್ಸಿಯಲ್ಲಿ ಉಬ್ಬರ ಇಳಿತ ಬರದ ತೊರೆಯ ತಳ ಸಾಮಾನ್ಯವಾಗಿ ಪಕ್ಕದ ಜಮೀನಿನವರದ್ದೇ. ಬೂಟಿನಲ್ಲಿ ನೀರು ತುಂಬಿಕೊಂಡು ಕ್ಷಮೆ ಕೇಳಿ, ಜೇಬಿನಲ್ಲಿದ್ದ ಮೂರು ಹಲ್ಲು ಅವರ ಕೈಗೆ ಕೊಟ್ಟು ಬಂದೆ.

ಮನೆಗೆ ಬಂದು ತೆರಿಗೆ ನಕ್ಷೆ ನೋಡಿದೆ. ಯಾವ ತುಂಡು ಯಾರದ್ದು ಅಂತ ಅದರಲ್ಲಿ ಗೆರೆ ಎಳೆದೇ ಇರುತ್ತೆ. ಈಗ ಆ ಗೆರೆಗಳು ನನ್ನ ಫೋನಿನಲ್ಲಿವೆ. ಮೂರು ಮನೆಗೆ ಕಾಗದ ಬರೆದೆ, ಇಮೇಲ್ ಅಲ್ಲ, ಕೈಯಲ್ಲಿ ಬರೆದ ಕಾಗದ. ಒಬ್ಬರು ಬೇಡ ಅಂದರು. ಒಬ್ಬರು ಉತ್ತರ ಕೊಡಲಿಲ್ಲ, ಅದೂ ಬೇಡ ಅಂತಲೇ. ಮೂರನೆಯವರು ಅದೇ ನಾಯಿಯವರು. ಅವರು ಹೂಂ ಅಂದರು! ಷರತ್ತು ಇಷ್ಟು: ಹಿಂದಿನ ದಿನ ಫೋನ್ ಮಾಡಬೇಕು, ಒಬ್ಬನೇ ಬರಬೇಕು, ದಡ ಮುಟ್ಟಬಾರದು, ನಾಲ್ಕು ಗಂಟೆಗೆ ಹೊರಡಬೇಕು, ಸಿಕ್ಕಿದ್ದನ್ನೆಲ್ಲ ಅವರ ವರಾಂಡದಲ್ಲಿ ಹರವಬೇಕು, ಅವರಿಗೆ ಬೇಕಾದ್ದು ಅವರು ಇಟ್ಟುಕೊಳ್ಳುತ್ತಾರೆ. ಬಿದ್ದರೆ ಎದ್ದರೆ ನಂದೇ ಜವಾಬ್ದಾರಿ ಅಂತ ನಾನೇ ಬರೆದುಕೊಟ್ಟೆ. ನನ್ನ ಅತ್ಯುತ್ತಮ ಸ್ಕ್ವಾಲಿಕೊರ್ಯಾಕ್ಸ್ ಈಗ ಅವರ ಕಿಟಕಿಯಲ್ಲಿದೆ. ಹೊಟ್ಟೆ ಉರಿಯುತ್ತೆ, ಆದರೂ ಸರಿ. ಮೊದಲ ಸಲ ಮೈಸೂರುಪಾಕು ತಗೊಂಡು ಹೋಗಿದ್ದೆ, ಸಿಹಿ ಜಾಸ್ತಿ ಅಂದರು. ಕೋಡುಬಳೆ ಹಿಡಿಸಿತು. ಒಂದು ದಿನ ಮನೆ ಹಿಂದಿನ ತಗ್ಗು ತೋರಿಸಿದರು. ಹಳೆಯ ಕಾಲದಲ್ಲಿ ರೈತರು ಹೊಲಕ್ಕೆ ಗೊಬ್ಬರ ಅಂತ ಹಸಿರು ಮಾರ್ಲ್ ಮಣ್ಣು ತೆಗೆದ ಗುಂಡಿ ಅದು. ಪಕ್ಕದ ಮಾರ್ಲ್‌ಬರೋಗೆ ಆ ಹೆಸರು ಬಂದಿದ್ದೂ ಈ ಮಣ್ಣಿನಿಂದಲೇ. ಹ್ಯಾಡನ್‌ಫೀಲ್ಡ್‌ನಲ್ಲಿ 1858ರಲ್ಲಿ ಹ್ಯಾಡ್ರೊಸಾರಸ್ ಡೈನೋಸಾರ್‌ನ ಮೂಳೆ ಸಿಕ್ಕಿದ್ದೂ ಇಂಥದ್ದೇ ಗುಂಡಿಯಲ್ಲಿ.

ಡಬ್ಬಿಯಲ್ಲಿರುವ ದೊಡ್ಡದು ಮಾತ್ರ ಅವರ ಜಾಗದ್ದಲ್ಲ, ಎಲ್ಲರೂ ಹೋಗುವ ಸಾರ್ವಜನಿಕ ಜಾಗದ್ದೇ. ಮೂರನೇ ವರ್ಷದ ಮಾರ್ಚ್. ಪಾರ್ಕಿಂಗ್‌ನಿಂದ ಹತ್ತು ನಿಮಿಷವೂ ದೂರವಿಲ್ಲ. ಜರಡಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಕಂದು ಕೋನ ಕಂಡಿತು. ಶಾರ್ಕ್ ಹಲ್ಲಿನ ಹಾಗೆ ಚಪ್ಪಟೆ ಇಲ್ಲ, ಗುಂಡಗಿದೆ, ಉದ್ದಕ್ಕೆ ಒಂದು ಏಣು. ಮೋಸಾಸಾರ್, ಅಂದರೆ ಅಳಿದುಹೋದ ಕಡಲ ಸರೀಸೃಪದ ಹಲ್ಲು. ಗೊತ್ತಿರುವ ಇಬ್ಬರಿಗೆ ತೋರಿಸಿದೆ, ಇಬ್ಬರೂ ಅದೇ ಅಂದರು. ಆಗ ಮಾತ್ರೆ ಡಬ್ಬಿ ತುಂಬಿತ್ತು. ಗುರುವಾರದ ಮನೆಯಲ್ಲಿದ್ದ ಗಾಬ್ಲಿನ್ ಹಲ್ಲನ್ನು ತೆಗೆದು ನೀರಿಗೆ ಬಿಟ್ಟೆ. ಈ ಸಾರಿ ಮಳೆ ಆದ ಮೇಲೆ ನೀವು ಹೋದರೆ ಅದು ನಿಮಗೇ ಸಿಗಬಹುದು. ಬೇರಿನ ಎಡಗಾಲು ಸ್ವಲ್ಪ ಚಕ್ಕೆ ಎದ್ದಿದೆ.