ಕ್ರಾಸ್ ಬದಲಿಸಿದ ಮೇಲೆ ಶುರುವಾದ ಸದ್ದು

ಗೇರಿಗೆ ಹಾಕಿ ಕ್ಲಚ್ ಬಿಟ್ಟ ಕೂಡಲೇ ಗಾಡಿಯ ಅಡಿಯಿಂದ ‘ಟಣ್’ ಅನ್ನುತ್ತಿತ್ತು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ತಿರುಗು ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಚಿದರೆ ಹಿಂದಿನ ಜಾಯಿಂಟಿನ ಆಟ (ಸಡಿಲ) ಕಣ್ಣಿಗೇ ಕಾಣುತ್ತಿತ್ತು. ಎರಡೂ ತುದಿಯ ಜಾಯಿಂಟಿಗೆ ಹೊಸ ಕ್ರಾಸ್ (ಜಾಯಿಂಟಿನ ನಡುವೆ ಕೂರುವ ಶಿಲುಬೆಯಾಕಾರದ ತುಂಡು) ಹಾಕಿದೆ. ಟಣ್ ಹೋಯಿತು. ಆದರೆ 50 ಕಿ.ಮೀ. ವೇಗ ಮುಟ್ಟುತ್ತಿದ್ದಂತೆ ಅಲ್ಲಿಯವರೆಗೆ ಇರದ ‘ಗುಂಯ್’ ಸದ್ದು, ಸೀಟಿನಡಿ ನಡುಕ.

ನನ್ನ ಅನುಮಾನ ಮೊದಲು ಹೋದದ್ದು ಡಿಫರೆನ್ಶಿಯಲ್ ಮೇಲೆ, ಅಂದರೆ ಶಾಫ್ಟಿನ ತಿರುಗನ್ನು ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಮೇಲೆ. ಆಯಿಲ್ ಇಳಿಸಿ ನೋಡಿದೆ, ಲೋಹದ ಚೂರು ಒಂದೂ ಇಲ್ಲ. ಅರ್ಧ ದಿನ ಹಾಗೇ ಹೋಯಿತು.

ಮರುದಿನ ಖಾಲಿ ರಸ್ತೆಗೆ ಹೋಗಿ ಸದ್ದನ್ನೇ ಗಮನವಿಟ್ಟು ಕೇಳಿದೆ. ಅದೇ 50ರಲ್ಲಿ ಮೂರನೇ ಗೇರು, ನಾಲ್ಕನೇ ಗೇರು, ಆಮೇಲೆ ನ್ಯೂಟ್ರಲ್. ಮೂರರಲ್ಲೂ ಒಂದೇ ಸದ್ದು, ಹಾಗಾಗಿ ಎಂಜಿನ್ ಅಲ್ಲ. ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸಿ ಗಾಡಿಯ ಭಾರ ಆ ಕಡೆ ಈ ಕಡೆ ಬೀಳುವಂತೆ ಮಾಡಿದೆ. ಚಕ್ರದ ಬೇರಿಂಗ್ ಹೋಗಿದ್ದರೆ ಸದ್ದು ಏರಿಳಿಯಬೇಕಿತ್ತು, ಏರಿಳಿಯಲಿಲ್ಲ. ಡಿಫರೆನ್ಶಿಯಲ್ ಒಳಗಿನ ಗೇರು ಜೋಡಿ ಕ್ರೌನ್-ಪಿನಿಯನ್ ಸವೆದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು. ಅದೂ ಇಲ್ಲ. ಉಳಿದದ್ದು ನಾನೇ ಕೈಹಾಕಿದ್ದ ಶಾಫ್ಟ್.

ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು ಅಡಿಗೆ ಹೋದೆ. ಎರಡು ತುದಿಯ ಯೋಕ್‌ಗಳನ್ನು (ಕ್ರಾಸನ್ನು ಹಿಡಿಯುವ ಕವೆಗಳನ್ನು) ನೋಡಿದಾಗಲೇ ತಪ್ಪು ತಿಳಿಯಿತು: ಅವುಗಳ ಕಿವಿಗಳು ಒಂದೇ ನೇರದಲ್ಲಿ ಇರಲಿಲ್ಲ. ಕ್ರಾಸ್ ತೆಗೆಯುವಾಗ ಶಾಫ್ಟಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲಿಪ್ ಯೋಕನ್ನೂ ಬಿಚ್ಚಿದ್ದೆ, ಗುರುತು ಹಾಕಿಕೊಂಡಿರಲಿಲ್ಲ. ಅದು ಕೂರುವ ಹಲ್ಲುಗಳ ಸಾಲು, ಅಂದರೆ ಸ್ಪ್ಲೈನಿಗೆ 16 ಹಲ್ಲು. ಒಂದು ಹಲ್ಲು ತಪ್ಪಿ ಕೂತರೂ 22.5 ಡಿಗ್ರಿ ತಿರುಗಿಬಿಡುತ್ತದೆ.

ಕೋನದಲ್ಲಿ ಬಾಗಿ ತಿರುಗುವ ಜಾಯಿಂಟ್ ವೇಗವನ್ನು ಸಮವಾಗಿ ದಾಟಿಸುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ತನ್ನಾಚೆಯ ಶಾಫ್ಟನ್ನು ಓಡಿಸಿ, ಎರಡು ಸಲ ಹಿಡಿದೆಳೆಯುತ್ತದೆ. ಎರಡನೇ ಜಾಯಿಂಟ್ ಅದೇ ಕೋನದಲ್ಲಿ, ಅದೇ ನೇರದಲ್ಲಿ ಇದ್ದರೆ ಈ ಏರುಪೇರು ಅಲ್ಲಿ ಅಳಿಸಿಹೋಗುತ್ತದೆ; ನೇರ ತಪ್ಪಿದರೆ ಉಳಿದದ್ದು ಆಕ್ಸಲ್‌ಗೆ ಬಡಿಯುತ್ತದೆ. ನನ್ನ ಗಾಡಿಯಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ನಾಲ್ಕು ಸುತ್ತಿಗಿಂತ ತುಸು ಹೆಚ್ಚೇ ತಿರುಗುತ್ತದೆ. 50ರ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 27 ಸುತ್ತು, ಅಂದರೆ 54 ಬಡಿತ. ನಾನು ಕೇಳುತ್ತಿದ್ದ ಗುಂಯ್ ಅದೇ. ಕೆಲವು ನಾಲ್ಕು ಚಕ್ರ ಚಾಲನೆಯ ಗಾಡಿಗಳ ಮುಂದಿನ ಶಾಫ್ಟಿನಲ್ಲಿ ತಯಾರಕರೇ ಬೇಕೆಂದು ನೇರ ತಪ್ಪಿಸಿರುತ್ತಾರೆ. ಹಾಗಾಗಿ ಕಣ್ಣಳತೆಯನ್ನು ನಂಬದೆ, ಬಿಚ್ಚುವ ಮುಂಚೆ ಸ್ಪ್ಲೈನಿಗೂ ಫ್ಲ್ಯಾಂಜಿಗೂ (ಶಾಫ್ಟಿನ ತುದಿಯನ್ನು ಬೋಲ್ಟ್ ಹಾಕಿ ಕೂಡಿಸುವ ಬಿಲ್ಲೆಗೂ) ಬಣ್ಣದ ಗೆರೆ ಎಳೆಯಬೇಕು.

ಶಾಫ್ಟ್ ಕೆಳಗಿಳಿಸಿದಾಗ ಇನ್ನೊಂದು ತಪ್ಪು ಸಿಕ್ಕಿತು. ಹಿಂದಿನ ಕ್ರಾಸ್ ಒಂದು ದಿಕ್ಕಿಗೆ ಸಲೀಸಾಗಿ ಆಡುತ್ತಿತ್ತು, ಇನ್ನೊಂದು ದಿಕ್ಕಿಗೆ ಬಿಗಿ. ವೈಸಿನಲ್ಲಿ ಕಪ್ (ಕ್ರಾಸಿನ ತುದಿಗೆ ಕೂರುವ ಬೇರಿಂಗ್ ಟೋಪಿ) ಒತ್ತುವಾಗ ಯೋಕಿನ ಕಿವಿ ಕೂದಲಿನಷ್ಟು ಒಳಗೆ ಬಾಗಿತ್ತು. ಕಪ್ಪಿನೊಳಗಿನ ಸೂಜಿಯಂಥ ರೋಲರ್, ಅಂದರೆ ನೀಡಲ್ ಒಂದು ಕಪ್ಪಿನ ತಳಕ್ಕೆ ಬಿದ್ದಿದ್ದರೂ ಬಿಗಿಯಾಗುತ್ತದೆ, ಆದರೆ ಆಗ ಕಪ್ಪನ್ನು ಹಿಡಿದಿಡುವ ಉಂಗುರ, ಸರ್ಕ್ಲಿಪ್, ತನ್ನ ಕಚ್ಚಿನೊಳಗೆ ಇಳಿಯುವುದೇ ಇಲ್ಲ. ನನ್ನ ನಾಲ್ಕೂ ಸರ್ಕ್ಲಿಪ್ ಸರಿಯಾಗಿ ಕೂತಿದ್ದವು. ತಾಮ್ರದ ಸುತ್ತಿಗೆಯಿಂದ ಕಿವಿಯ ಹೊರಗೆ ಎರಡು ಏಟು ಕೊಟ್ಟಾಗ ಕಪ್‌ಗಳು ಹೊರಸರಿದು ಸಡಿಲವಾಯಿತು. ನಾಲ್ಕೂ ಸೀಲಿನಿಂದ ಹೊರಬರುವವರೆಗೆ ಗ್ರೀಸ್ ಒತ್ತಿ, ನೇರ ನೋಡಿ ಜೋಡಿಸಿ, ಫ್ಲ್ಯಾಂಜ್ ಬೋಲ್ಟುಗಳಿಗೆ ಹೊಸ ಲಾಕ್ ನಟ್ ಹಾಕಿದೆ.

80ರವರೆಗೆ ಓಡಿಸಿದೆ, ಗುಂಯ್ ಇಲ್ಲ. ಗಾಡಿ ಹೊರಡುವಾಗ ಹಿಂದಿನಿಂದ ‘ಟಕ್’ ಎಂದು ತೀರಾ ಸಣ್ಣ ಸದ್ದೊಂದು ಉಳಿದಿದೆ. ಅದು ಡಿಫರೆನ್ಶಿಯಲ್ ಹಲ್ಲುಗಳ ನಡುವಿನ ಆಟ, ಮುಂಚೆಯೂ ಇದ್ದದ್ದು, ಅದಕ್ಕೆ ಕೈಹಾಕಿಲ್ಲ.